ಅಂಥ ಒಬ್ಬ ವ್ಯಕ್ತಿ

ಇವತ್ತು ಎದ್ದು ನಿಂತು ಮಾತಾಡಿಯೇ ಬಿಡುತ್ತೇನೆ ಎಂದು ಅಸಾಹೆಲ್ ಪೆಕ್ ಕನ್ನಡಿಯಲ್ಲಿದ್ದ ತನ್ನ ಮುಖಕ್ಕೆ ಹೇಳಿಕೊಂಡಾಗ ಆ ಮುಖ ಒಪ್ಪಿದಂತೆ ಕಾಣಲಿಲ್ಲ. ಕೆನ್ನೆಗೆ ಮೆತ್ತಿದ್ದ ಸೋಪಿನ ನೊರೆ ಅದಕ್ಕೆ ಕಾರಣವಿರಬಹುದು. ಅಥವಾ ಅವನ ಗದ್ದವನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು ಕ್ಷೌರ ಮಾಡುತ್ತಿದ್ದ ಮಿಂಗೋ ಕಾರಣವಿರಬಹುದು. ಗದ್ದವನ್ನು ಇನ್ನೊಬ್ಬನ ಕೈಗೆ ಒಪ್ಪಿಸಿ ಕೂತವನಿಗೆ ಧೀರನ ಮುಖ ಮಾಡುವುದು ಕಷ್ಟ. ಮಿಂಗೋ ಅವನ ಆಳಲ್ಲ. ಪಕ್ಕದ ಕೋಣೆಯಲ್ಲಿ ಇಳಿದುಕೊಂಡಿದ್ದ, ದಕ್ಷಿಣ ಕೆರೊಲಿನಾದಿಂದ ಬಂದ ಗಿಡಿಯನ್ ಲಮೋಟ್‌ನ ಗುಲಾಮ. ಲಮೋಟ್ ಉದಾರಿ. "ನಂದು ಮುಗಿದ ಮೇಲೆ ನಿಮ್ದೂ ನೋಡ್ಲಿ ಬಿಡಿ ಪೆಕ್, ಅವನೇನು ಸವೆದು ಹೋಗ್ತಾನಾ?" ಎಂದು ಬೇಸಿಗೆಯ ಮೊದಲಲ್ಲೇ ಹೇಳಿದ್ದ. ಪೆಕ್ ಆಗ ಖಂಡಿತ ಬೇಡ ಎಂದಿದ್ದ. ಆಮೇಲೊಂದು ದಿನ ಕೊರಳಪಟ್ಟಿ ಕಟ್ಟುವುದಕ್ಕೆ ಮಾತ್ರ ಎಂದು ಒಪ್ಪಿದ. ಆಮೇಲೆ ಕೂದಲಿಗೆ ಪೌಡರು ಹಾಕುವುದಕ್ಕೆ. ಈಗ ಮಿಂಗೋ ಬರುವುದು ತಡವಾದರೆ ಬಾಗಿಲು ತೆರೆದು ನೋಡುವಷ್ಟು ಅಭ್ಯಾಸವಾಗಿಬಿಟ್ಟಿತ್ತು. ಗುಲಾಮಗಿರಿಯ ವಿರುದ್ಧ ಆಡಬೇಕೆಂದಿದ್ದ ಭಾಷಣದ ಒಳ್ಳೊಳ್ಳೆಯ ಸಾಲುಗಳೆಲ್ಲ ಅವನಿಗೆ ಹೊಳೆದದ್ದು ಇದೇ ಹೊತ್ತಿನಲ್ಲಿ, ಕಣ್ಣು ಮುಚ್ಚಿ, ಮುಖದ ಮೇಲೆ ಮಿಂಗೋ ಹಾಕಿದ ಬಿಸಿನೀರಿನ ಬಟ್ಟೆಯ ಹಿತದಲ್ಲಿ.

"ಏನ್ ಸಾಹೇಬ್ರೇ, ಇವತ್ತು ತುಟಿ ಅಲ್ಲಾಡ್ತಾನೇ ಇದೆ," ಎಂದ ಮಿಂಗೋ. "ಕೈಯಲ್ಲಿ ಕತ್ತಿ ಐತೆ. ಪ್ರಾರ್ಥನೆ ಆಮೇಲೆ ಮಾಡ್ಕೊಳ್ಳಿ."

"ಪ್ರಾರ್ಥನೆ ಅಲ್ಲ ಮಾರಾಯ. ಸಭೇಲಿ ಒಂದು ಮಾತು ಆಡೋದಿದೆ."

"ಯಾರ ಪರ?"

ನಿನ್ನ ಪರ ಎಂದು ಹೇಳಬಹುದಿತ್ತು. ಆದರೆ ಒಳಗಿನ ಮಾತು ಹೊರಗೆ ಬೀಳಕೂಡದೆಂದು ಎಲ್ಲ ಸದಸ್ಯರೂ ಒಪ್ಪಿಕೊಂಡಿದ್ದರು. ಆ ಕಟ್ಟುಪಾಡು ಇಂಥ ಹೊತ್ತಿನಲ್ಲಿ ಎಷ್ಟು ಅನುಕೂಲವೆಂದು ಪೆಕ್‌ಗೆ ಅನ್ನಿಸಿ, ಅನ್ನಿಸಿದ್ದಕ್ಕೆ ನಾಚಿಕೆಯಾಗಿ, ನಾಚಿಕೆ ನೊರೆಯೊಳಗೆ ಕಾಣುವುದಿಲ್ಲವೆಂದು ಸಮಾಧಾನವೂ ಆಯಿತು. ಅಮೆರಿಕದ ಹದಿಮೂರು ಸಂಸ್ಥಾನಗಳನ್ನು ಸೇರಿಸಿ ಒಂದು ದೇಶ ಮಾಡುವ ಕೆಲಸಕ್ಕೆ ಕನೆಕ್ಟಿಕಟ್‌ನ ಪ್ರತಿನಿಧಿಯಾಗಿ ಫಿಲಡೆಲ್ಫಿಯಾಗೆ ಹೊರಟಾಗ ಹೆಂಡತಿ ಮೆಹಿಟಬೆಲ್ ಗಾಡಿಯ ಹತ್ತಿರ ಬಂದು, "ಅಲ್ಲಾದ್ರೂ ಒಂದ್ಸಲ ಹೌದು ಅನ್ನಿ, ಇಲ್ಲಾ ಅಲ್ಲ ಅನ್ನಿ. ಎರಡರಲ್ಲಿ ಯಾವುದಾದ್ರೂ ಸರಿ, ನಂಗೆ ಸಂತೋಷ" ಎಂದಿದ್ದಳು. ಅವಳ ಮನಸ್ಸಿನಲ್ಲಿ ಇದ್ದದ್ದು ಚರ್ಚಿನ ಒಲೆ. ಚಳಿಗಾಲಕ್ಕೆ ಚರ್ಚಿನಲ್ಲಿ ಕಬ್ಬಿಣದ ಒಲೆ ಇಡಬೇಕೆಂದು ಅರ್ಧ ಊರು, ದೇವರ ಮನೆಯಲ್ಲಿ ಬೆಚ್ಚಗೆ ಕೂರುವುದು ಪಾಪವೆಂದು ಇನ್ನರ್ಧ ಊರು ಜಗಳಕ್ಕೆ ನಿಂತಾಗ, ಪೆಕ್ ನಡುವೆ ಬಂದು ಒಲೆಯನ್ನು ಹೊಸ್ತಿಲಲ್ಲಿ ಇಡಿಸಿದ್ದ. ಬಾಗಿಲು ಮುಚ್ಚಲಾಗದೆ ಆ ವರ್ಷ ಎಲ್ಲರೂ ಸಮನಾಗಿ ನಡುಗಿದರು. ಆದರೂ ಊರು ಒಡೆಯಲಿಲ್ಲವಲ್ಲ, ಒಂದು ರೀತಿಯಲ್ಲಿ ಅದು ಗೆಲುವೇ ಅಲ್ಲವೇ ಎಂದು ಅವನು ಕೇಳಿದಾಗ ಮೆಹಿಟಬೆಲ್ ಕೆಮ್ಮುತ್ತಲೇ ನಕ್ಕಿದ್ದಳು. 'ಒಂದು ರೀತಿಯಲ್ಲಿ' ಎನ್ನುವುದು ಅವನ ನಾಲಿಗೆಗೆ ಅಂಟಿದ ಮಾತು.

ಬಿಡಾರದ ಒಡತಿ, ವಿಧವೆ ಕೆಜಾಯಾ ಶಾರ್ಪ್‌ಲೆಸ್ ಕ್ವೇಕರ್ ಪಂಥದವಳು. ಅವರಲ್ಲಿ ದೇವರ ಮುಂದೆ ಎಲ್ಲರೂ ಒಂದೇ. ರಾಜನಿಗೂ ನೀನು, ಕಸ ಗುಡಿಸುವವನಿಗೂ ನೀನು. ಊರಿನಲ್ಲಿ ತೋಟಗಳು, ಹಡಗುಗಳು, ಕುದುರೆಲಾಯಗಳಿದ್ದ ಲಮೋಟ್‌ಗೆ ದಿನಾ ಬೆಳಿಗ್ಗೆ ಈ ಏಕವಚನವನ್ನು ಬೆಣ್ಣೆಯ ಜೊತೆ ನುಂಗುವುದು ಒಂದು ಶಿಕ್ಷೆ.

"ಗಿಡಿಯನ್, ನಿನ್ನ ಮಿಂಗೋನ ಊಟಕ್ಕೆ ಅರ್ಧ ಲೆಕ್ಕ ಹಾಕು ಅಂತೀಯಲ್ಲ, ಅವನೇನು ಅರ್ಧ ಹೊಟ್ಟೆ ತಗೊಂಡು ಬಂದಿದಾನಾ?" ಎಂದಳು ಆಕೆ, ಸೇಬಿನ ಕಡುಬು ಕತ್ತರಿಸುತ್ತ.

"ಆಳು ಕಣಮ್ಮ ಅವನು. ಆಳನ್ನ ಪೂರ್ತಿ ಮನುಷ್ಯ ಅಂತ ಹಿಡಿಯೋಕಾಗತ್ತಾ?"

"ಸಭೇಲಿ ನಿಮ್ಮ ಕಡೆ ಸದಸ್ಯರು ಜಾಸ್ತಿ ಬೇಕಾದಾಗ ಇವರೂ ಮನುಷ್ಯರೇ, ಎಣಿಸ್ಕೊಳ್ಳಿ ಅಂದ್ಯಂತೆ?"

"ಇದನ್ನೆಲ್ಲಾ ನಿಮಗೆ ಯಾರು ಹೇಳಿದ್ದು!"

"ಕಿಟಕಿ ಮುಚ್ಕೊಂಡು ಕೂತ್ರೆ ಆಗೋಯ್ತಾ? ಸಾಯಂಕಾಲ ಹೆಂಡದಂಗಡೀಲಿ ಬಾಯಿ ತೆರ್ಕೊಂಡೇ ಕೂರ್ತೀರಲ್ಲ."

"ಐದರಲ್ಲಿ ಮೂರು ಪಾಲು ಅಂತ ಇಟ್ಕೊಂಡ್ರೆ?" ಎಂದುಬಿಟ್ಟ ಪೆಕ್. ಜನಗಣನೆಯಲ್ಲಿ ಐವರು ಗುಲಾಮರನ್ನು ಮೂವರೆಂದು ಹಿಡಿಯಬೇಕೆಂದು ಸಭೆ ಆಗಲೇ ತೀರ್ಮಾನಿಸಿತ್ತು. ಜಗಳ ಕಂಡ ಕೂಡಲೇ ಅವನ ಬಾಯಿ ತಾನಾಗಿ ಆ ಲೆಕ್ಕ ಒಪ್ಪಿಸಿತ್ತು. ತಮಾಷೆಗೆ ಹೇಳಿದೆ ಎನ್ನುವ ಹಾಗೆ ಅವನು ನಕ್ಕ. ಯಾರೂ ನಗಲಿಲ್ಲ. ಕಾಫಿಯ ಪಾತ್ರೆ ಹಿಡಿದು ಗೋಡೆಯ ಪಕ್ಕ ನಿಂತಿದ್ದ ಮಿಂಗೋ ಮಾತ್ರ ಪೆಕ್‌ನ ಬಟ್ಟಲಿಗೆ ಅರ್ಧಕ್ಕಿಂತ ತುಸು ಮೇಲೆ ಕಾಫಿ ಸುರಿದು, ಬಗ್ಗಿ ನೋಡಿ, ಸಾಕಲ್ಲವೇ ಎಂಬಂತೆ ನಿಲ್ಲಿಸಿದ. ಅದು ಚೇಷ್ಟೆಯೋ ಕಾಫಿ ಮುಗಿದದ್ದೋ ಪೆಕ್‌ಗೆ ದಿನವಿಡೀ ತಿಳಿಯಲಿಲ್ಲ.

ಸಭಾಭವನದಲ್ಲಿ ಬಾಗಿಲು ಕಿಟಕಿಗಳನ್ನೆಲ್ಲ ಬಿಗಿದು ಮುಚ್ಚಿದ್ದರು. ಒಳಗೆ ಸ್ವಾತಂತ್ರ್ಯಕ್ಕಾಗಿ ಹೋರಾಡಿದವರ ಬೆವರಿನ ವಾಸನೆ, ನೊಣಗಳು. ಅಂದಿನ ವಿಷಯ ಆಫ್ರಿಕಾದಿಂದ ಮನುಷ್ಯರನ್ನು ಹಡಗಿನಲ್ಲಿ ತಂದು ಮಾರುವ ವ್ಯಾಪಾರ. ಅದನ್ನು ಇನ್ನೂ ಇಪ್ಪತ್ತು ವರ್ಷ ಯಾರೂ ಮುಟ್ಟಬಾರದು ಎಂದು ದಕ್ಷಿಣದವರು. ಹಾಗಾದರೆ ಹಡಗು-ಬಂದರುಗಳ ಕಾನೂನನ್ನು ನಮಗೆ ಬೇಕಾದ ಹಾಗೆ ಮಾಡಲು ಬಿಡಿ ಎಂದು ಉತ್ತರದವರು. ಈ ವ್ಯಾಪಾರ ಮುಟ್ಟಿದರೆ ನಾವು ಎದ್ದು ಹೋಗುತ್ತೇವೆ, ದೇಶವೂ ಬೇಡ ಏನೂ ಬೇಡ ಎಂದು ಲಮೋಟ್ ಮೇಜು ಕುಟ್ಟಿ ಹೇಳಿದ. ಹೇಳಿ, ಕೂತ ಮೇಲೆ ಪೆಕ್ ಕಡೆ ತಿರುಗಿ ಸ್ನೇಹದಿಂದ ಕಣ್ಣು ಮಿಟುಕಿಸಿದ. ಈಗಲೇ ಎಂದುಕೊಂಡ ಪೆಕ್. ಮನುಷ್ಯನನ್ನು ಮಾರುವ ಹಕ್ಕನ್ನು ಕೊಟ್ಟು ಹಡಗಿನ ಸುಂಕ ಕೊಳ್ಳುವ ನಾವು, ಎಂದು ಶುರುವಾಗುವ ಸಾಲು ಬಾಯಿಗೆ ಬಂದು ನಿಂತಿತ್ತು. ಕುರ್ಚಿಯ ಕೈ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಒಂದೇ ಏಟಿಗೆ ಎದ್ದ. ಪರ್ರ್ ಎಂದು ಹಿಂದೆ ಸದ್ದಾಯಿತು. ಫಿಲಡೆಲ್ಫಿಯಾದ ಕಡುಬುಗಳನ್ನೆಲ್ಲ ಸಹಿಸಿಕೊಂಡು ಬಂದಿದ್ದ ಷರಾಯಿಯ ಹೊಲಿಗೆ, ದೇಶದ ಹಣೆಬರಹ ನಿರ್ಧಾರವಾಗುವ ಆ ಗಳಿಗೆಯಲ್ಲಿ ಸೊಂಟದಿಂದ ಕೆಳಗಿನವರೆಗೆ ಬಿಟ್ಟುಕೊಂಡಿತ್ತು. ಬೆನ್ನ ಹಿಂದೆ ನ್ಯೂಜೆರ್ಸಿಯವರು ಕೂತಿದ್ದರು.

ಅವನು ಮೆಲ್ಲಗೆ ಕೂತ. ಲಮೋಟ್ ಬಗ್ಗಿ ಕಿವಿಯಲ್ಲಿ, "ನಿಮ್ಮ ಭಾಷಣ ಬೇರೆ ಕಡೆಯಿಂದ ಬಂದ ಹಾಗಿತ್ತಲ್ಲ ಪೆಕ್," ಎಂದ. ಕನೆಕ್ಟಿಕಟ್ ಏನನ್ನುತ್ತದೆ ಎಂದು ಕೇಳಿದಾಗ ಪಕ್ಕದ ಸಹಪ್ರತಿನಿಧಿ ಒಪ್ಪಿಗೆ ಎಂದ. ಪೆಕ್ ತಲೆ ಅಲ್ಲಾಡಿಸಿದ, ಅದು ಮೇಲೆ ಕೆಳಗೆ ಅಲ್ಲಾಡಿತು. ನಿರ್ಣಯ ಪಾಸಾಯಿತು. ಅವನಿಗೆ ಹೆದರಿಕೆಯಾದದ್ದು ಅದಕ್ಕಲ್ಲ. ಕೂತ ಕ್ಷಣದಲ್ಲಿ, ತಣ್ಣನೆಯ ಮರ ತೊಡೆಗೆ ತಾಗಿದಾಗ, ಒಳಗೆಲ್ಲೋ ಒಂದು ದೊಡ್ಡ ನಿರಾಳ ಹರಡಿಕೊಂಡಿತ್ತು. ಸದ್ಯ, ಷರಾಯಿ ಹರಿಯಿತು ಎಂಬ ಕೃತಜ್ಞತೆ. ಅದಕ್ಕೆ.

ಟೋಪಿಯನ್ನು ಹಿಂಭಾಗಕ್ಕೆ ಒತ್ತಿಕೊಂಡು, ಗೋಡೆಗಳ ಪಕ್ಕ ಏಡಿಯ ಹಾಗೆ ಸರಿಯುತ್ತ, ಅವನು ಒಬ್ಬನೇ ಬಿಡಾರಕ್ಕೆ ಬಂದ. ಇನ್ನೊಂದು ಷರಾಯಿ ಅಗಸಗಿತ್ತಿಯ ಮನೆಯಲ್ಲಿತ್ತು. ಹರಿದದ್ದನ್ನು ಮಿಂಗೋಗೆ ಕೊಟ್ಟು, ಸೊಂಟಕ್ಕೆ ಹಾಸಿಗೆಯ ಹೊದಿಕೆ ಸುತ್ತಿಕೊಂಡು ಕುರ್ಚಿಯಲ್ಲಿ ಕೂತ. ಮಿಂಗೋ ಬಟ್ಟೆಯನ್ನು ಬೆಳಕಿಗೆ ಹಿಡಿದು, ಈ ಬಣ್ಣದ ದಾರ ಮನೆಯಲ್ಲಿಲ್ಲ, ಬಂದರಿನ ಹತ್ತಿರ ಒಬ್ಬ ದರ್ಜಿ ಇದ್ದಾನೆ, ದೀಪ ಹಚ್ಚುವ ಮುಂಚೆ ಬಂದುಬಿಡುತ್ತೇನೆ ಎಂದ. "ಧಣೇರು ಕೇಳಿದ್ರೆ ನೀವೇ ಕಳ್ಸಿದ್ದು ಅಂತ ಒಂದ್ಮಾತು ಹೇಳಿ ಸಾಹೇಬ್ರೇ."

ಬಂದರು. ಆ ಮಾತಿಗೆ ಪೆಕ್ ತಲೆ ಎತ್ತಿದ. ಮಿಂಗೋ ಭಾನುವಾರಕ್ಕೆಂದು ಎತ್ತಿಟ್ಟಿದ್ದ ಒಳ್ಳೆಯ ಬೂಟು ಹಾಕಿದ್ದ. ಕಂಕುಳಲ್ಲಿ ಒಂದು ಗಂಟು. ಬಂದರಿನಲ್ಲಿ ಉತ್ತರಕ್ಕೆ ಹೋಗುವ ಹಡಗುಗಳು. ಇವನು ಓಡಿಹೋಗುತ್ತಿದ್ದಾನೆ! ದಾರ ಅಂತೆ, ದರ್ಜಿ ಅಂತೆ! ಸಭೆಯಲ್ಲಿ ಆಗದಿದ್ದದ್ದು ಇಲ್ಲಿ, ಈ ಕೋಣೆಯಲ್ಲಿ, ಹೊದಿಕೆ ಸುತ್ತಿಕೊಂಡಿರುವಾಗ ಅವನ ಪಾಲಿಗೆ ಒದಗಿಬಂದಿತ್ತು.

"ಹೋಗು ಮಿಂಗೋ," ಎಂದ. "ಹೋಗು. ಅವಸರ ಮಾಡ್ಕೋಬೇಡ."

"ಷರಾಯಿ ಇವತ್ತೇ ಬೇಡ್ವಾ ಸಾಹೇಬ್ರೇ?"

"ಷರಾಯಿ ಏನು ದೊಡ್ಡದು! ಇಗೋ, ಈ ಕೋಟೂ ತಗೊಂಡು ಹೋಗು. ಒಳ್ಳೆ ಉಣ್ಣೆ. ಚಳಿಗಾಲಕ್ಕೆ ಆಗತ್ತೆ."

"ಕೋಟಿಗೇನಾಗಿದೆ?"

"ಏನೋ ಆಗಿದೆ. ನೀನು ತಗೊಂಡು ಹೋಗಪ್ಪ."

ಮಿಂಗೋ ಕೋಟನ್ನು ತಿರುಗಿಸಿ ನೋಡಿ, ಸಾಹೇಬರ ಮುಖ ನೋಡಿ, ಬಿಸಿಲು ನೆತ್ತಿಗೇರಿದೆ ಎಂಬಂತೆ ತಲೆದೂಗಿ ಹೊರಟ. ಪೆಕ್ ಒಬ್ಬನೇ ಕೂತು ಮದುಮಗನ ಹಾಗೆ ನಗುತ್ತಿದ್ದ. ಮೆಹಿಟಬೆಲ್‌ಗೆ ಇದನ್ನು ಹೇಗೆ ಹೇಳಬೇಕು, ಎಲ್ಲಿ ನಿಲ್ಲಿಸಬೇಕು, ಅವಳು ಯಾವಾಗ ಹೊಲಿಗೆ ಕೆಳಗಿಟ್ಟು ಅವನ ಮುಖ ನೋಡುತ್ತಾಳೆ ಎಂದೆಲ್ಲ ಯೋಚಿಸಿದ. ಹಾಗಾಗಿ ಲಮೋಟ್ ಬಾಗಿಲು ತಳ್ಳಿ, "ಮಿಂಗೋನ ಕಂಡ್ರಾ? ಊಟಕ್ಕೆ ಹೋಗ್ಬೇಕು, ಡ್ರೆಸ್ ಮಾಡ್ಕೋಬೇಕು," ಎಂದು ಕೇಳಿದಾಗ ಅವನ ಬಾಯಿಂದ ಒಂದೂ ತೊದಲಿಲ್ಲದೆ, "ಇಲ್ಲ, ಬೆಳಗಿನಿಂದ ಕಂಡೇ ಇಲ್ಲ," ಎಂಬ ಮಾತು ಬಂತು. ಸುಳ್ಳು ಇಷ್ಟು ರುಚಿಯಾಗಿರುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಲಮೋಟ್ ಅಡುಗೆಮನೆ ನೋಡಿದ, ಹಿತ್ತಲು ನೋಡಿದ, ಕೂಗಿದ. ಬೆತ್ತ ಹಿಡಿದು ಬೀದಿಗೆ ಓಡಿದ. ಇಬ್ಬರು ಗಾಡಿಯವರು ಅವನ ಜೊತೆ ಸೇರಿಕೊಂಡರು.

ಕಿಟಕಿಯಲ್ಲಿ ನಿಂತಿದ್ದ ಪೆಕ್‌ಗೆ ಬೀದಿಯ ತುದಿ ಕಾಣುತ್ತಿತ್ತು. ಅಲ್ಲಿ ಮಿಂಗೋ ಬರುತ್ತಿದ್ದ. ಮಡಿಚಿದ ಷರಾಯಿ ತೋಳಿನ ಮೇಲೆ, ಕೋಟು ಹೆಗಲ ಮೇಲೆ, ಬಾಯಲ್ಲಿ ಯಾವುದೋ ಹಾಡು. ಗಂಟು ಅಗಸಗಿತ್ತಿಗೆ ಕೊಡುವ ಧಣಿಯ ಒಗೆಯುವ ಬಟ್ಟೆಗಳದ್ದಾಗಿತ್ತು ಎಂಬುದು ಪೆಕ್‌ಗೆ ಆಗ ಹೊಳೆಯಿತು. ಈಗ ಆ ಗಂಟಿರಲಿಲ್ಲ. ಕೂಗಬೇಕೆಂದು ಬಾಯಿ ತೆರೆದ. ಏನೆಂದು ಕೂಗುವುದು? ಅಷ್ಟರಲ್ಲಿ ಗಾಡಿಯವರು ಮಿಂಗೋನ ಎರಡೂ ತೋಳು ಹಿಡಿದಿದ್ದರು, ಲಮೋಟ್‌ನ ಬೆತ್ತ ಒಮ್ಮೆ ಮೇಲೆದ್ದು ಇಳಿದಿತ್ತು.

ಕೆಳಗಿನ ಕೋಣೆಗೆ ಅವನನ್ನು ಎಳೆದು ತಂದಾಗ ಮಿಂಗೋನ ತುಟಿ ಒಡೆದು ರಕ್ತ ಬರುತ್ತಿತ್ತು. "ಸಾಹೇಬ್ರೇ ಕಳ್ಸಿದ್ದು ಧಣಿ. ಕೇಳಿ ಬೇಕಾದ್ರೆ," ಎಂದ. ಎಲ್ಲರೂ ಮೇಲೆ ನೋಡಿದರು. ಮೆಟ್ಟಿಲಿನ ಮೇಲೆ ಹೊದಿಕೆ ಹಿಡಿದುಕೊಂಡು ನಿಂತಿದ್ದ ಪೆಕ್‌ಗೆ ತನ್ನ ಬರಿಗಾಲುಗಳು ಎಷ್ಟು ಬೆಳ್ಳಗಿವೆ ಎಂಬುದೇ ದೊಡ್ಡದಾಗಿ ಕಂಡಿತು. ಹೌದು ಎಂದರೆ, ಮರ್ಯಾದಸ್ಥನೊಬ್ಬನಿಗೆ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳಿದ ಹಾಗೆ. ಯಾಕೆ ಹೇಳಿದೆ ಎಂದು ಲಮೋಟ್ ಕೇಳುತ್ತಾನೆ. ನಿನ್ನ ಆಳು ಓಡಿಹೋಗಲಿ ಎಂದು, ಎನ್ನಬೇಕಾಗುತ್ತದೆ. ದಕ್ಷಿಣದವರು ಎದ್ದು ಹೋಗುತ್ತಾರೆ, ದೇಶ ಮುರಿಯುತ್ತದೆ.

"ಕಳಿಸಿದ್ದು ಅಂತ ಅಲ್ಲ," ಎಂದ. "ಹೋಗೋ ಪ್ರಸ್ತಾಪ ಬಂದಿರಬಹುದು. ಒಂದು ರೀತಿಯಲ್ಲಿ…"

"ಅಸಾಹೆಲ್," ಎಂದಳು ಕೆಜಾಯಾ, "ಹೌದೋ, ಅಲ್ವೋ?"

"ನನಗೆ ನೆನಪಿರೋ ಮಟ್ಟಿಗೆ ಎರಡೂ ಸಾಧ್ಯ."

ಮಿಂಗೋ ಅವನನ್ನೇ ನೋಡಿದ. ಆಮೇಲೆ, ಒಡೆದ ತುಟಿ ನೋಯುತ್ತಿದ್ದರೂ ತಡೆಯಲಾರದೆ, ನಕ್ಕುಬಿಟ್ಟ. ಬೈದಿದ್ದರೆ ಪೆಕ್ ಬದುಕಿಕೊಳ್ಳುತ್ತಿದ್ದ. ನಗುವಿಗೆ ಲಮೋಟ್‌ನ ಸಿಟ್ಟು ನೆತ್ತಿಗೇರಿ, ಈ ವಾರದ ಹಡಗಿಗೇ ಇವನನ್ನು ಊರಿಗೆ ಕಳಿಸಿ ಭತ್ತದ ಗದ್ದೆಗೆ ಹಾಕಿಸುತ್ತೇನೆ ಎಂದು ಅಬ್ಬರಿಸಿದ. ಮನೆಯಲ್ಲಿ ಕೂಡಿಹಾಕಲು ಬೀಗ ಕೊಡಿ ಎಂದರೆ ಕೆಜಾಯಾ, "ನನ್ನ ಮನೇಲಿ ಬೀಗ ಇರೋದು ಬೆಣ್ಣೆಗೆ ಮಾತ್ರ, ಗಿಡಿಯನ್," ಎಂದು ಒಳಗೆ ಹೋದಳು.

ಸಂಜೆ ಮಿಂಗೋ ಷರಾಯಿ ತಂದುಕೊಟ್ಟ. ಹೊಲಿಗೆ ಒತ್ತಾಗಿ, ನೇರವಾಗಿ, ಕಣ್ಣಿಗೆ ಕಾಣದ ಹಾಗಿತ್ತು. ಪೆಕ್ ಬಾಗಿಲು ಮುಚ್ಚಿ, "ನೀನು ಓಡಿಹೋಗ್ತಿದೀಯ ಅಂದ್ಕೊಂಡೆ ಮಿಂಗೋ. ನಿನ್ನ ಒಳ್ಳೇದಕ್ಕೇ…" ಎಂದು ಶುರುಮಾಡಿದ.

"ನನ್ನನ್ನ ಒಂದ್ಮಾತು ಕೇಳ್ಬೋದಿತ್ತಲ್ಲ ಸಾಹೇಬ್ರೇ," ಎಂದ ಮಿಂಗೋ, ಸಿಟ್ಟಿಲ್ಲದೆ. "ಇನ್ಮೇಲೆ ಎದ್ದು ನಿಲ್ಲೋದಾದ್ರೆ ನಿಧಾನ ಎದ್ದೇಳಿ. ದಾರ ಗಟ್ಟಿ ಐತೆ, ಬಟ್ಟೆ ಹಳೇದು." ಕೋಟಿನ ಮಾತು ಎತ್ತಲಿಲ್ಲ, ಪೆಕ್ ಕೂಡ ಎತ್ತಲಿಲ್ಲ.

ಮಾರನೆಯ ಬೆಳಿಗ್ಗೆ ಮಿಂಗೋ ಇರಲಿಲ್ಲ. ಧಣಿಯ ಕೋಣೆಯ ಬಾಗಿಲಿಗೆ ಅಡ್ಡವಾಗಿ ಮಲಗಿದ್ದವನು ಹಾಸಿಗೆಯನ್ನು ಅಚ್ಚುಕಟ್ಟಾಗಿ ಮಡಿಚಿಟ್ಟು ಹೋಗಿದ್ದ. ಪೆಕ್‌ನ ಕೋಟೂ ಹೋಗಿತ್ತು. ಅಡುಗೆಮನೆಯಲ್ಲಿ ಒಂದು ಇಡೀ ಕಡುಬು ಕಾಣೆಯಾಗಿತ್ತು. ಕೆಜಾಯಾ ಅದರ ಬಗ್ಗೆ ವಿಚಾರಿಸಲೇ ಇಲ್ಲ, ಹಿಟ್ಟು ನಾದುತ್ತ ಯಾವ ಸ್ವರವೂ ಇಲ್ಲದ ಹಾಡೊಂದನ್ನು ಗುನುಗುತ್ತಿದ್ದಳು. ಲಮೋಟ್ ಅಡುಗೆಯವಳನ್ನು ಕೇಳಿದ, ಗಾಡಿಯವರನ್ನು ಕೇಳಿದ, ಎದುರು ಮನೆಯವರನ್ನೂ ಕೇಳಿದ. ಪೆಕ್‌ನನ್ನು ಯಾರೂ ಏನೂ ಕೇಳಲಿಲ್ಲ. ಹೇಳುವುದಕ್ಕೆ ಏನೂ ಇಲ್ಲದೆ ಪ್ರಾಮಾಣಿಕವಾಗಿ ನಿಂತಿದ್ದ ಆ ಒಂದೇ ದಿನ, ಅವನ ಮಾತು ಯಾರಿಗೂ ಬೇಕಿರಲಿಲ್ಲ.

ಸಭೆಯಲ್ಲಿ ಲಮೋಟ್ ಮೊದಲೇ ಎದ್ದ. ಓಡಿಹೋದ ಗುಲಾಮರನ್ನು ಯಾವ ಸಂಸ್ಥಾನದಲ್ಲಿ ಸಿಕ್ಕರೂ ಹಿಡಿದು ಒಡೆಯನಿಗೆ ಒಪ್ಪಿಸಬೇಕು, ಇದು ದೇಶದ ಮೂಲ ಕಾನೂನಿನಲ್ಲೇ ಬರಬೇಕು ಎಂದ. ಹಿಂದಿನ ಸಾಲಿನಿಂದ ಯಾರೋ, ಕಳೆದುಹೋದ ನಾಯಿ ಹುಡುಕುವ ಕೆಲಸವನ್ನೂ ಸರ್ಕಾರಕ್ಕೇ ಕೊಡೋಣವೇ ಎಂದರು, ನಗು. ಲಮೋಟ್ ಕೆಂಪಾದ. ಎದ್ದು ಹೋಗುವ ಮಾತು ಮತ್ತೆ ಬಂತು. ಪೆಕ್‌ನ ಕಾಲುಗಳು ತಾವಾಗಿ ಅಲ್ಲಾಡಿದವು. ಅವನು ನಿಧಾನ ಎದ್ದ. ಏನೂ ಹರಿಯಲಿಲ್ಲ. ಇಡೀ ಸಭೆ ಅವನತ್ತ ತಿರುಗಿತು. ನಿನ್ನೆಯ ಸಾಲು ಇನ್ನೂ ನಾಲಿಗೆಯ ಮೇಲಿತ್ತು. ಎದುರಿಗೆ ದಣಿದ ಮುಖಗಳು, ಮನೆಗೆ ಹೋಗಬೇಕೆಂದು ಕಾತರಿಸುವ ಮುಖಗಳು, ಪೆಕ್ ಏನಾದರೂ ದಾರಿ ಹುಡುಕಿಕೊಡುತ್ತಾನೆ ಎಂದು ಆಸೆಯಿಂದ ನೋಡುವ ಮುಖಗಳು. ಯಾರೂ ಅವನನ್ನು ಅಷ್ಟು ಆಸೆಯಿಂದ ನೋಡಿರಲಿಲ್ಲ.

"ಗುಲಾಮ ಎಂಬ ಪದ ನಮ್ಮ ಕಾಗದದಲ್ಲಿ ಚೆನ್ನಾಗಿ ಕಾಣದು," ಎಂದು ಅವನ ಧ್ವನಿ ಹೇಳಿತು. "ಸೇವೆಗೆ ಬದ್ಧನಾದ ವ್ಯಕ್ತಿ ಎಂದರೆ ಸಾಕಲ್ಲವೇ? ಅಂಥ ವ್ಯಕ್ತಿ ಯಾರು ಬೇಕಾದರೂ ಆಗಬಹುದು."

ಎಲ್ಲರಿಗೂ ಹಾಯೆನಿಸಿತು. ಎಂಥ ಪದ! ಕಿವಿಗೆ ಹಿತ, ಮನಸ್ಸಿಗೆ ಭಾರವಿಲ್ಲ. ವಿರೋಧವಿಲ್ಲದೆ ಒಪ್ಪಲಾಯಿತೆಂದು ಗುಮಾಸ್ತ ಬರೆದುಕೊಂಡ. ಲಮೋಟ್ ಕೈ ಕುಲುಕಿ, "ಪೆಕ್, ನಿಮ್ಮ ಮಾತಿನ ಕೈಚಳಕ ದೊಡ್ಡದು. ಮಿಂಗೋ ಓಡಿಹೋದ ಬಗ್ಗೆ ಪತ್ರಿಕೆಗೆ ಕೊಡೋ ಪ್ರಕಟಣೇನೂ ನೀವೇ ಬರ್ಕೊಡಿ. ನಾನೀಗ ಜರ್ಮನ್‌ಟೌನಿಗೆ ಹೊರಟೆ, ನಾಳೆ ಬರ್ತೀನಿ," ಎಂದು ಖಾಲಿ ಹಾಳೆಗೆ ರುಜು ಹಾಕಿಕೊಟ್ಟ.

ಪ್ರಕಟಣೆ ಬರೆಯುವಾಗ ಪೆಕ್‌ಗೆ ಮತ್ತೆ ಉತ್ಸಾಹ ಬಂತು. ತನ್ನ ದೌರ್ಬಲ್ಯವೇ ಇಲ್ಲಿ ಆಯುಧ! ಮಿಂಗೋ ಅಥವಾ ಬೇರೆ ಹೆಸರಿನ, ಎತ್ತರನೂ ಅಲ್ಲದ ಗಿಡ್ಡನೂ ಅಲ್ಲದ, ನಡುಹರೆಯದ ಆಚೆಗೋ ಈಚೆಗೋ ಇರುವ, ಮಾತಾಡಿಸಿದರೆ ಮಾತಾಡುವ ಒಬ್ಬ ಕರಿಯ ವ್ಯಕ್ತಿ ತಪ್ಪಿಸಿಕೊಂಡಿದ್ದಾನೆ ಎಂದು ಬರೆದ. ಕೋಟಿನ ಸುದ್ದಿ ಬರೆಯಲಿಲ್ಲ. ಇದನ್ನು ಓದಿ ಮಿಂಗೋನ ತಾಯಿಯೂ ಅವನನ್ನು ಗುರುತಿಸಲಾರಳು ಎಂದು ಹೆಮ್ಮೆಪಟ್ಟು, ಒಂದು ಪ್ರತಿಯನ್ನು ಪೇದೆಗೆ ತಲುಪಿಸಿ, ಕಿಟಕಿಯ ಬಳಿ ಕೂತು ಊಟ ಮಾಡಿದ.

ಊಟ ಮುಗಿಯುವ ಮುಂಚೆಯೇ ಪೇದೆ ಒಬ್ಬನನ್ನು ಹಿಡಿದು ತಂದ. ಸೌದೆ ಕೊಯ್ಯುವವನು, ಗರಗಸ ಇನ್ನೂ ಹೆಗಲ ಮೇಲಿತ್ತು. ಪೆಕ್ ಬಾಯಿ ಒರೆಸಿಕೊಳ್ಳದೆ ಬೀದಿಗಿಳಿದ.

"ಇವನಲ್ಲ!"

"ನೋಡಿ ಸಾಹೇಬ್ರೇ," ಎಂದು ಪೇದೆ ಕಾಗದ ಬಿಚ್ಚಿದ. "ಎತ್ತರ ಅಲ್ಲ, ಗಿಡ್ಡ ಅಲ್ಲ. ಮಾತಾಡಿಸ್ದೆ, ಮಾತಾಡ್ದ. ಎಲ್ಲಾ ಸರಿ ಇದೆ."

"ನನ್ನ ಹೆಸ್ರು ಸಿಲಾಸ್ ಅಂತ ಆಗ್ಲಿಂದ ಹೇಳ್ತಾ ಇದೀನಿ," ಎಂದ ಸೌದೆಯವನು.

"ಬೇರೆ ಹೆಸರು ಇಟ್ಕೊಂಡಿರ್ತಾನೆ ಅಂತಾನೂ ಬರ್ದಿದಾರೆ," ಎಂದ ಪೇದೆ. "ಇವನಲ್ಲ ಅಂದ್ರೆ ಅವನು ಹೇಗಿದಾನೆ ಹೇಳ್ಬಿಡಿ, ಬಿಟ್ಬಿಡ್ತೀನಿ."

ಪೆಕ್‌ಗೆ ತಾನು ಬರೆದದ್ದೇನೆಂದು ಆಗ ತಿಳಿಯಿತು. ಈ ಊರಿನಲ್ಲಿ ಅದಕ್ಕೆ ಹೊಂದದ ಕರಿಯನೇ ಇರಲಿಲ್ಲ. ಸಿಲಾಸ್‌ನನ್ನು ಬಿಡಿಸಬೇಕಾದರೆ ಮಿಂಗೋನ ಚಹರೆ ಹೇಳಬೇಕು. ಮಿಂಗೋ ಉಳಿಯಬೇಕಾದರೆ ಸಿಲಾಸ್ ಹೋಗಬೇಕು. ಇಬ್ಬರ ನಡುವೆ ಒಲೆ ಇಡಲು ಹೊಸ್ತಿಲಿರಲಿಲ್ಲ. ಆಗ ಅವನ ತಲೆಯೊಳಗೆ ಏನೋ ಬೆಳಗಿದಂತಾಗಿ, ಜೀವಮಾನದಲ್ಲೇ ಮೊದಲ ಸಲ ನಿಖರವಾಗಿ ಮಾತಾಡತೊಡಗಿದ: "ಬರ್ಕೊಳ್ಳಿ. ಎಡಗೈಯಲ್ಲಿ ಎರಡು ಬೆರಳಿಲ್ಲ. ಬಲಗಾಲು ಎಳೆದು ನಡೀತಾನೆ. ಹುಬ್ಬಿನ ಮೇಲೆ ಸುಟ್ಟ ಕಲೆ." ಪೇದೆ ಸಿಲಾಸ್‌ನ ಬೆರಳು ಎಣಿಸಿ, ಬೇಸರದಿಂದ ಬಿಟ್ಟು, ಕಾಗದ ತಿದ್ದಿಕೊಂಡು ಹೋದ. ಇಲ್ಲದವನೊಬ್ಬನನ್ನು ಸೃಷ್ಟಿಸಿ ಇರುವವರಿಬ್ಬರನ್ನು ಉಳಿಸಿದೆ ಎಂದು ಪೆಕ್ ಹಿಗ್ಗುತ್ತಿದ್ದಾಗ ಸಿಲಾಸ್ ಮಣಿಕಟ್ಟು ತಿಕ್ಕಿಕೊಳ್ಳುತ್ತ, "ಟೈಟಸ್ ಮೇಲೆ ನಿಮಗೇನ್ ಸಾಹೇಬ್ರೇ ಸಿಟ್ಟು?" ಎಂದು ಕೇಳಿದ.

"ಯಾವ ಟೈಟಸ್?"

"ನೀವು ಹೇಳಿದ್ರಲ್ಲ, ಬೆರಳಿಲ್ಲದವ್ನು."

"ಅಂಥವನು ಯಾರೂ ಇಲ್ಲ ಮಾರಾಯ. ನಾನು ಹುಟ್ಟಿಸಿದ್ದು."

"ಹುಟ್ಟಿಸಿದ್ದು ಅವರಮ್ಮ. ನದಿ ದಂಡೇಲಿ ಹಗ್ಗ ಹೊಸೀತಾನೆ. ಬೆರಳು ಅಲ್ಲೇ ಹೋಗಿದ್ದು. ಹುಬ್ಬಿನ ಮೇಲೆ ಕಲೆ ಇಲ್ಲ, ಅದೊಂದು ತಪ್ಪು ಹೇಳಿದ್ರಿ. ಆದ್ರೆ ಹಿಡ್ಕೊಂಡು ಹೋಗೋವಾಗ ಹುಬ್ಬು ಯಾರು ನೋಡ್ತಾರೆ?"

ಪೆಕ್ ಓಡಿದ. ಕನೆಕ್ಟಿಕಟ್‌ನ ಗೌರವಾನ್ವಿತ ಪ್ರತಿನಿಧಿ, ಕೋಟಿಲ್ಲದೆ, ಕೊರಳಿಗೆ ಊಟದ ಬಟ್ಟೆ ಕಟ್ಟಿಕೊಂಡೇ, ನಡುಮಧ್ಯಾಹ್ನದ ಬೀದಿಯಲ್ಲಿ ಏದುಸಿರು ಬಿಡುತ್ತ ಓಡುವುದನ್ನು ಮೀನು ಮಾರುವ ಹೆಂಗಸರು ಎದ್ದು ನಿಂತು ನೋಡಿದರು. ಹಗ್ಗದ ಅಂಗಳ ಉದ್ದಕ್ಕೆ ನದಿಯವರೆಗೆ ಚಾಚಿಕೊಂಡಿತ್ತು. ಸೊಂಟಕ್ಕೆ ನಾರು ಸುತ್ತಿಕೊಂಡು ಹಿಂದು ಹಿಂದಕ್ಕೆ ನಡೆಯುತ್ತ ಹುರಿ ಬಿಡುತ್ತಿದ್ದವನ ಕಾಲು ಎಳೆಯುತ್ತಿತ್ತು. ಪೆಕ್ ಸಿಕ್ಕಿದ ಉಸಿರಿನಲ್ಲಿ ಎಲ್ಲವನ್ನೂ ಹೇಳಿದ. ಟೈಟಸ್ ನಿಲ್ಲಲಿಲ್ಲ, ನಿಂತರೆ ಹುರಿ ಕೆಡುತ್ತದೆ.

"ಬಿಡುಗಡೆ ಕಾಗದ ಇದೆ ನನ್ಹತ್ರ. ಮನೇಲಿದೆ," ಎಂದ. "ತರೋ ಅಷ್ಟರಲ್ಲಿ ಹಡಗು ಹತ್ತಿಸಿರ್ತಾರೆ. ನೀವು ಏನ್ ಮಾಡ್ತೀರಿ?"

"ನಾನು ಇಲ್ಲೇ ಇರ್ತೀನಿ. ಅವರು ಬರೋವರೆಗೂ."

"ಇರೋದಾದ್ರೆ ಸುಮ್ನೆ ಯಾಕಿರ್ತೀರಿ? ಈ ತುದಿ ಹಿಡ್ಕೊಳ್ಳಿ."

ಪೆಕ್ ಹಿಡಿದುಕೊಂಡ. ಪೇದೆ ಬಂದಾಗ ಅವನು ಹಾಗೆಯೇ, ಎರಡೂ ಕೈಯಲ್ಲಿ ಹಗ್ಗ ಹಿಡಿದು ನಿಂತಿದ್ದ. "ಇವನಲ್ಲ," ಎಂದ.

"ಬೆರಳಿಲ್ವಲ್ಲ ಸಾಹೇಬ್ರೇ. ಕಾಲೂ ಎಳೀತಾನೆ."

"ಸುಳ್ಳು ಹೇಳಿದ್ದೆ."

"ಯಾವಾಗ? ಆಗಲೋ, ಈಗಲೋ?"

ಒಂದು ರೀತಿಯಲ್ಲಿ, ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡ. ಅದು ಒಣ ರೊಟ್ಟಿಯ ತುಂಡಿನ ಹಾಗೆ ಕೆಳಗಿಳಿಯಿತು. "ಆಗ. ಮಿಂಗೋ ಸಿಗದೇ ಇರಲಿ ಅಂತ ಹೇಳಿದ್ದು. ನನ್ನ ಕೋಟು ಕೊಟ್ಟು ಕಳಿಸಿದವನೂ ನಾನೇ. ನನ್ನ ಹೆಸರು ಬರ್ಕೊಳ್ಳಿ, ಅಸಾಹೆಲ್ ಪೆಕ್. ಲಮೋಟ್ ಅವರಿಗೆ ನಾಳೆ ತೋರಿಸಿ."

ಪೇದೆ ಅವನ ಕೊರಳ ಬಟ್ಟೆಯನ್ನೂ ಅದರ ಮೇಲಿನ ಸಾರಿನ ಕಲೆಯನ್ನೂ ಬಹಳ ಹೊತ್ತು ನೋಡಿ, ದೊಡ್ಡವರ ಹುಚ್ಚಾಟಕ್ಕೆ ತನ್ನ ಕಾಲು ಸವೆಯಿತೆಂದು ಗೊಣಗಿ, ಹೆಸರು ಗೀಚಿಕೊಂಡು ಹೋದ. ನಾಳೆ ಲಮೋಟ್ ಓದುತ್ತಾನೆ. ಬೆಳಗಿನ ಊಟದ ಮೇಜಿನಲ್ಲಿ ಏನಾಗುತ್ತದೆಂದು ಹೆದರಿಕೆಯಿದ್ದರೂ ಆ ಊಟಕ್ಕೆ ಪೆಕ್‌ಗೆ ಒಂದು ಬಗೆಯ ಹಸಿವೂ ಇತ್ತು. ಟೈಟಸ್ ಹಿಂದಕ್ಕೆ ನಡೆಯುತ್ತ ನಡೆಯುತ್ತ ನದಿಯ ಕಡೆಗೆ ಚಿಕ್ಕದಾಗುತ್ತಿದ್ದ. ಇನ್ನೊಂದು ದಿನ ಹಿಡಿದೊಯ್ಯಲು ಇನ್ನೊಬ್ಬ ಈ ಅಂಗಳಕ್ಕೆ ಬರುತ್ತಾನೆ ಎಂಬುದು ಪೆಕ್‌ಗೆ ಹಗ್ಗದ ನಡುಕದಲ್ಲಿ ತಿಳಿಯಿತು. ಅವನ ಕೈಯಲ್ಲಿ ಪೇದೆಯ ಕಾಗದವಲ್ಲ, ಇಡೀ ದೇಶದ ಕಾಗದ ಇರುತ್ತದೆ. ಅದರಲ್ಲಿ ಬೆರಳು, ಕಾಲು, ಹುಬ್ಬು ಯಾವುದರ ಸುದ್ದಿಯೂ ಇರುವುದಿಲ್ಲ. ಬೆಳಿಗ್ಗೆ ತಾನು ಎದ್ದು ನಿಂತು ಕೊಟ್ಟ, ಕಿವಿಗೆ ಹಿತವಾದ ಆ ಒಂದು ಮಾತು ಇರುತ್ತದೆ. ಅದನ್ನು ಸುಳ್ಳು ಎನ್ನಲು ಇಲ್ಲಿ ಯಾರೂ ನಿಂತಿರುವುದಿಲ್ಲ.

"ಸಡಿಲ ಬಿಡ್ತಿದೀರಾ ಸಾಹೇಬ್ರೇ!" ಎಂದು ಅಂಗಳದ ಆ ತುದಿಯಿಂದ ಟೈಟಸ್ ಕೂಗಿದ.

"ಇಲ್ಲ," ಎಂದು ಪೆಕ್ ಕೂಗಿ, ಕೈ ಉರಿಯುತ್ತಿದ್ದರೂ ಹಗ್ಗವನ್ನು ಎಳೆದು ಹಿಡಿದ.